ರಾಣಿಯ ನಿಲುವಂಗಿಯ ಬೆನ್ನು

ಬಾಡಿಗೆಗೆ ಹೋದ ಬಟ್ಟೆಗಳು ವಾಪಸ್ ಬಂದ ದಿನ ನಮ್ಮ ಮನೆಯಲ್ಲಿ ಒಗ್ಗರಣೆ ಹಾಕುತ್ತಿರಲಿಲ್ಲ. ಎಣ್ಣೆಯ ಹೊಗೆ ಮಖಮಲ್ಲಿಗೆ ಹತ್ತಿದರೆ ಬಿಡುವುದಿಲ್ಲ, ಜರಿ ಬೇಗ ಕಪ್ಪಾಗುತ್ತದೆ ಎಂದು ಅವ್ವ ಹೇಳುತ್ತಿದ್ದಳು. ಬಟ್ಟೆಗಳೆಲ್ಲ ಮಾಳಿಗೆಯ ಮೇಲೆ ಬಿಸಿಲು ಕಂಡು, ಮಡಿಕೆಯಾಗಿ, ಒಣಗಿದ ಬೇವಿನ ಎಲೆಯ ಜೊತೆ ಟ್ರಂಕು ಸೇರುವವರೆಗೆ ನಮಗೆ ಊಟ ಎಂದರೆ ತಣ್ಣನೆಯ ಅನ್ನ, ಮೊಸರು, ಶೇಂಗಾ ಚಟ್ನಿಪುಡಿ. ಹೊಸಪೇಟೆಯ ನಮ್ಮ ಓಣಿಯಲ್ಲಿ ಎಲ್ಲರ ಮನೆಯಿಂದ ಸಾಸಿವೆ ಸಿಡಿಯುವ ಸದ್ದು ಬರುವ ಹೊತ್ತಿಗೆ ನಾವು ರಾಜರ, ರಾಕ್ಷಸರ ಅಂಗಿಗಳ ನಡುವೆ ಜಾಗ ಮಾಡಿಕೊಂಡು ಕುಳಿತು ಮೊಸರನ್ನ ಕಲಸುತ್ತಿದ್ದೆವು. ಈಚೆಗೆ ಅವ್ವ ತೀರಿಕೊಂಡಾಗ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯವರು ತಂದುಕೊಟ್ಟ ಅನ್ನ ನಾನು ಕೈ ಹಾಕುವ ಹೊತ್ತಿಗೆ ಆರಿಹೋಗಿತ್ತು. ಮೊದಲ ತುತ್ತು ಬಾಯಿಗಿಟ್ಟಾಗ ಬಟ್ಟೆ ವಾಪಸ್ ಬಂದಿವೆ, ಅವ್ವ ಮಾಳಿಗೆಯ ಮೇಲಿದ್ದಾಳೆ ಅನ್ನಿಸಿತು. ಎದ್ದು ಹೋಗಿ ನೋಡಲಿಲ್ಲ ಅಷ್ಟೇ.

ಅಪ್ಪ ನಾಟಕದ ಬಟ್ಟೆಗಳನ್ನು ಬಾಡಿಗೆಗೆ ಕೊಡುತ್ತಿದ್ದ. ಸುತ್ತಲ ಊರುಗಳಲ್ಲಿ ಬಯಲಾಟ ಆಡುವವರು, ನಾಟಕ ಕಲಿತವರು, ಶಾಲೆಯ ಮಾಸ್ತರರು ನಮ್ಮ ಮನೆಗೇ ಬರುತ್ತಿದ್ದರು. ಮನೆಯೆಂದರೆ ಒಂದರ ಹಿಂದೆ ಒಂದು ಮೂರು ಕೋಣೆ. ಮುಂದಿನದು ಟ್ರಂಕುಗಳದ್ದು, ನಡುವಿನದು ಅವ್ವನ ಹೊಲಿಗೆ ಮಿಷನ್ನಿನದು, ಹಿಂದಿನದು ಅಡುಗೆಯದು. ಜಾಗ ಸಾಲದೆ ಕಿರೀಟಗಳನ್ನು ಅಡುಗೆಮನೆಯ ಬಾಗಿಲ ಮೇಲೆ ಮೊಳೆ ಹೊಡೆದು ತೂಗುಹಾಕಿದ್ದರು. ತಗಡಿನ ಕತ್ತಿಗಳು ಜೋಳದ ಡಬ್ಬಿಯ ಹಿಂದೆ ಇರುತ್ತಿದ್ದವು. ರಾಕ್ಷಸನ ಮೀಸೆ ಅಪ್ಪನ ಅಂಗಿಯ ಪಕ್ಕದ ಗೂಟದಲ್ಲಿ. ಇಷ್ಟೆಲ್ಲ ಕಣ್ಣ ಮುಂದಿದ್ದರೂ ಅವುಗಳಲ್ಲಿ ಒಂದನ್ನೂ ನಾವು ಮೈಮೇಲೆ ಹಾಕಿಕೊಳ್ಳುವ ಹಾಗಿರಲಿಲ್ಲ. ಅದು ಅಪ್ಪನ ತಾಯಿ, ನಮ್ಮಜ್ಜಿ, ಮಾಡಿದ ಕಟ್ಟಳೆ. ನಾನು ಒಮ್ಮೆ ಕಿರೀಟಕ್ಕೆ ಕೈ ಚಾಚಿದಾಗ ಆಕೆ ಮೂಲೆಯಿಂದಲೇ ಗದರಿದ್ದು ಈಗಲೂ ಕಿವಿಯಲ್ಲಿದೆ.

"ಬಾಡಿಗಿ ಬಟ್ಟಿ ಮನಿಯಾರು ಹಾಕ್ಕೊಬಾರದು ಲೇ. ಪಾತ್ರದ ಸಂಕಟ ಮೈಗೆ ಹತ್ತತೈತಿ."

ಇನ್ನೊಂದು ಕಟ್ಟಳೆ ಯಾರೂ ಬಾಯಿಬಿಟ್ಟು ಹೇಳದ್ದು. ಟ್ರಂಕಿನ ಜೊತೆ ಹೋಗಿ, ಬಣ್ಣದ ಮನೆಯಲ್ಲಿ ಕುಳಿತು, ಪಾತ್ರದವರಿಗೆ ಬಟ್ಟೆ ತೊಡಿಸಿ ಬರುವುದು ಅಪ್ಪನ ಕೆಲಸ. ಮನೆಯ ಹೆಂಗಸರು ಆಟ ನೋಡಲು ಹೋಗುತ್ತಿರಲಿಲ್ಲ. ಹೀಗಾಗಿ ಅವ್ವ ತಾನು ಹೊಲಿದ, ತೇಪೆ ಹಾಕಿದ, ಜರಿಪಟ್ಟಿ ಬದಲಿಸಿದ ಯಾವ ಬಟ್ಟೆಯನ್ನೂ ರಂಗದ ಮೇಲೆ ಕಂಡಿರಲಿಲ್ಲ. ಆಕೆ ನಾಟಕ ನೋಡುತ್ತಿದ್ದುದು ಮರುದಿನ ಮಾಳಿಗೆಯ ಮೇಲೆ, ಬಟ್ಟೆಯನ್ನು ಒಳಮಗ್ಗುಲು ತಿರುವಿ ಹರವುವಾಗ. ಸಂಡೂರಿಗೆ ಹೋದ ಬಟ್ಟೆಯ ಅಂಚಿನಲ್ಲಿ ಗಣಿಯ ಕೆಂಪು ಧೂಳು ಕುಳಿತಿರುತ್ತಿತ್ತು, ಎಷ್ಟು ಕೊಡವಿದರೂ ಹೊಲಿಗೆಯ ಸಂದಿನಲ್ಲಿ ಉಳಿದುಬಿಡುತ್ತಿತ್ತು. ಕಂಪ್ಲಿ ಕಡೆಯಿಂದ ಬಂದದ್ದಕ್ಕೆ ಗದ್ದೆಯ ಕೆಸರು, ಒಮ್ಮೊಮ್ಮೆ ಬೆಲ್ಲದ ಆಲೆಮನೆಯ ವಾಸನೆ. ಕಂಪ್ಲಿ ಅವ್ವನ ತವರು. ಆ ಬಟ್ಟೆಗಳನ್ನು ಮಾತ್ರ ಆಕೆ ಹರವುವ ಮುಂಚೆ ಒಂದು ಸಲ ಮೂಗಿಗೆ ಹಿಡಿಯುತ್ತಿದ್ದಳು. ಬೆವರು ಎಲ್ಲಿ, ಕಂಕುಳು ಎಷ್ಟು ಹರಿದಿದೆ, ಮೊಣಕಾಲಲ್ಲಿ ಮಣ್ಣಿದೆಯೋ ಇಲ್ಲವೋ ನೋಡಿ ಆಟ ಹೇಗಾಯಿತೆಂದು ಅಪ್ಪನಿಗೇ ಹೇಳುವಳು.

"ರಾಕ್ಷಸ ಸಾಯಬೇಕಾದ್ರ ನೆಲಕ್ಕ ಬೀಳಬೇಕಲ್ರಿ. ಇವನ ಬೆನ್ನಿಗೆ ಒಂದು ಹರಳು ಮಣ್ಣಿಲ್ಲ. ನಿಂತ್ಕೊಂಡ ಸತ್ತಾನೇನು?"

"ಅವಗ ಸೊಂಟ ಹಿಡದಿತ್ತು. ಕುರ್ಚಿ ತರಿಸ್ಕೊಂಡು ಕುಂತು ಸತ್ತ."

"ಮತ್ತ ರಾಜ ಏನ್ ಮಾಡಿದ?"

"ಏನ್ ಮಾಡತಾನ, ಪಾಪ. ಸಾಯೋತನಕ ಕುರ್ಚಿ ಹಿಡಕೊಂಡು ನಿಂತಿದ್ದ."

ಅವ್ವ ನಗುತ್ತಿದ್ದಳು. ನಗು ಮುಗಿದ ಮೇಲೆ ಜರಿಯ ಅಂಗಿಯೊಂದನ್ನು ಬಿಸಿಲಿಗೆ ಹಿಡಿದು ಆಕಡೆ ಈಕಡೆ ಹೊರಳಿಸಿ ನನ್ನ ಕಡೆ ನೋಡುವಳು.

"ಲೈಟಿನಾಗ ಇದು ಬ್ಯಾರೇನ ಕಾಣತೈತಂತ. ಒಂದ ಸಲ ನೋಡಬೇಕು ನೋಡು, ರತ್ನಿ."

ಆ ಒಂದು ಸಲದ ಆಸೆ ದೊಡ್ಡದಾದದ್ದು ಹಂಪಿಯಲ್ಲಿ. ಒಂದು ಶ್ರಾವಣ ಸೋಮವಾರ ನಾವು ವಿರೂಪಾಕ್ಷನ ಗುಡಿಗೆ ಹೋಗಿದ್ದೆವು. ಅಪ್ಪ ಸಾಲಿನಲ್ಲಿ ನಿಂತಿದ್ದ. ರಂಗಮಂಟಪದಲ್ಲಿ ಅವ್ವ ಸುಮ್ಮನೆ ತಲೆಯೆತ್ತಿದವಳು ಹಾಗೇ ನಿಂತುಬಿಟ್ಟಳು. ಮೇಲೆ ಛಾವಣಿಯ ತುಂಬ ಬಣ್ಣದ ಚಿತ್ರಗಳು. ಕುದುರೆ, ಪಲ್ಲಕ್ಕಿ, ಸಾಲಾಗಿ ನಿಂತ ಗಂಡಸರು ಹೆಂಗಸರು. ನಾನು ಅದಕ್ಕೂ ಮುಂಚೆ ಆ ಗುಡಿಗೆ ಎಷ್ಟೋ ಸಲ ಬಂದಿದ್ದೆ, ಮೇಲೆ ನೋಡಿರಲಿಲ್ಲ. ಅವ್ವ ಸೆರಗು ಸರಿಮಾಡಿಕೊಂಡು, ಕಂಬದ ಬುಡಕ್ಕೆ ತಲೆ ಇಟ್ಟು, ಕಲ್ಲಿನ ನೆಲದ ಮೇಲೆ ಅಂಗಾತ ಮಲಗಿದಳು. ಅಲ್ಲಿ ಜನರನ್ನು ಮುಂದೆ ಕಳಿಸುತ್ತಿದ್ದವನು ಬಂದು ನಿಂತ.

"ಏನ್ ತಾಯಿ, ಇದು ಮಲಗೋ ಜಾಗ ಅಲ್ಲ. ಏಳ್ರಿ."

"ಮಲಗಿಲ್ರಿ. ನೋಡಾಕ್ಹತ್ತೀನಿ."

"ನಿಂತು ನೋಡ್ರಿ ಮತ್ತ."

"ನಿಂತ್ರ ಕುತ್ತಿಗಿ ನೋಯತೈತ್ರಿ. ಬಟ್ಟಿ ತಿಳಿಯಂಗಿಲ್ಲ."

ಅವನು ಸಾಲಿನ ಕಡೆ ಹೊರಟುಹೋದ. ನಾನೂ ಆಕೆಯ ಪಕ್ಕದಲ್ಲಿ ಮಲಗಿದೆ. ಬೆನ್ನಿಗೆ ಕಲ್ಲು ತಂಪಾಗಿತ್ತು. ಅವ್ವ ಬೆರಳೆತ್ತಿ ಗಾಳಿಯಲ್ಲಿ ಆ ಹೆಂಗಸರ ಬಟ್ಟೆಯ ಗೆರೆಗಳನ್ನು ತಿದ್ದುತ್ತಿದ್ದಳು. ಅವರ ಸೆರಗಿನ ತುದಿಗಳು ಎರಡೂ ಮಗ್ಗುಲಿಗೆ ಹಕ್ಕಿಯ ಗರಿಯ ಹಾಗೆ ಚೂಪಾಗಿ ಚಾಚಿಕೊಂಡಿದ್ದವು.

"ಗಾಳಿ ಎರಡೂ ಕಡಿಯಿಂದ ಬೀಸಾಕ್ಹತ್ತೇತಿ ನೋಡಿದೇನು? ಹಂಗ ಎಲ್ಲೆರ ಬೀಸತೈತೇನು? ಬರದಾವ ಸುಳ್ಳ ಬರದಾನ. ಆದ್ರ ಆ ಸುಳ್ಳು ಭಾಳ ಚಂದ ಐತಿ."

ಮನೆಗೆ ಬಂದವಳೇ ಅವ್ವ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದು ಅಡುಗೆಮನೆಯ ಕಪ್ಪು ಕಡಪಾ ಕಲ್ಲಿನ ನೆಲದ ಮೇಲೆ ರಾಣಿಯ ನಿಲುವಂಗಿಯೊಂದನ್ನು ಬರೆದಳು, ಆಳೆತ್ತರದ್ದು. ನಾವು ಅದನ್ನು ತುಳಿಯದಂತೆ ಗೋಡೆಗೆ ಅಂಟಿಕೊಂಡು ಕುಳಿತು ಉಂಡೆವು. ಅಜ್ಜಿ ಮಾತ್ರ ಒಲೆಗೆ ಹೋಗಲು ರಾಣಿಯ ಸೊಂಟದ ಮೇಲೆಯೇ ಹಾದುಹೋದಳು.

ಅದಕ್ಕೆ ಬೇಕಾದ ಕೆಂಪು ಮಖಮಲ್ಲು ನಮ್ಮ ಮನೆಯಲ್ಲಿ ಒಂದೇ ಕಡೆ ಇತ್ತು, ಮಂತ್ರಿಯ ಅಂಗಿಯಲ್ಲಿ. ಅಪ್ಪ ಕಂಪ್ಲಿಗೆ ಹೋಗಿದ್ದ ದಿನ ಅವ್ವ ಅದನ್ನು ಬಿಚ್ಚಿ ಕತ್ತರಿಸಿದಳು. ಅಪ್ಪ ಬಂದು ನೋಡಿ ಟ್ರಂಕಿನ ಮೇಲೆ ಕುಳಿತ.

"ಏ ರತ್ನಿ ಅವ್ವ, ಮಂತ್ರಿ ಇಲ್ಲದ ರಾಜ್ಯ ಎಲ್ಲೈತಿ? ನಾಳೆ ಬಂದಾರಿಗೆ ಏನ್ ಹೇಳ್ಲಿ?"

"ಎಲ್ಲಾ ಆಟದಾಗೂ ಮಂತ್ರಿ ರಾಜಗ ಹಾಳಬುದ್ಧಿ ಹೇಳಾವನ. ಅವ ಇಲ್ಲದಿದ್ರ ರಾಜ್ಯ ಉದ್ಧಾರ ಆಗತೈತಿ ತಗೋರಿ."

ಅಪ್ಪ ಆ ದಿನ ಉಣ್ಣಲಿಲ್ಲ. ಆದರೆ ಕತ್ತರಿಸಿದ ತುಂಡುಗಳನ್ನು ಎತ್ತಿ ನೋಡಿ, ಯಾವುದು ಎಲ್ಲಿಗೆ ಎಂದು ಒಂದೊಂದಾಗಿ ಕೇಳಿದ. ಎರಡು ಮಗ್ಗುಲ ಚೂಪು ತುದಿಗಳು ಜೋತುಬೀಳದೆ ನಿಲ್ಲಬೇಕಿತ್ತು. ಅದಕ್ಕೆ ಅವ್ವ ಕಾಲರಿಗೆ ಹಾಕುವ ಬಕ್ರಂ ಬಟ್ಟೆಯನ್ನು ಒಳಗಿಟ್ಟು ಹೊಲಿದಳು. ಎದೆಗೆ ಕನ್ನಡಿ ಬೇಕಾಗಿತ್ತು. ಸಂಡೂರು ಕಡೆಯ ತಾಂಡಾದ ಸಕ್ರಿಬಾಯಿ ಎಂಬ ಲಂಬಾಣಿ ಹೆಂಗಸು ಸಂತೆಗೆ ಬಂದಾಗ ನಮ್ಮ ಕಟ್ಟೆಯ ಮೇಲೆ ಕುಳಿತು ನೀರು ಕುಡಿದು ಹೋಗುತ್ತಿದ್ದಳು. ಆಕೆಯ ರವಿಕೆಯ ಕನ್ನಡಿಗಳನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೆ. ಅವ್ವ ಗೋಂದು ಹಚ್ಚಿ ಕನ್ನಡಿ ಅಂಟಿಸುವುದನ್ನು ಕಂಡು ಸಕ್ರಿಬಾಯಿ ಅಂಗಿಯನ್ನು ಕಸಿದುಕೊಂಡಳು.

"ಅಂಟಿಸಿದ್ರ ಒಂದ ಆಟಕ್ಕ ಉದುರತಾವು, ಅಕ್ಕ. ಕನ್ನಡಿಗೆ ದಾರದಾಗ ಮನಿ ಕಟ್ಟಬೇಕು. ಆಮ್ಯಾಲ ಅದು ಎಲ್ಲೂ ಹೋಗಂಗಿಲ್ಲ."

ಆಕೆ ಒಂದು ಕಟ್ಟಿ ತೋರಿಸಿದಳು. ಉಳಿದವನ್ನೆಲ್ಲ ಅವ್ವ ಕಟ್ಟಿದಳು. ಎದೆಯ ಮೇಲೆ, ಕೊರಳ ಸುತ್ತ, ತೋಳಿನ ಅಂಚಿಗೆ. ಮುಂಭಾಗ ಮುಗಿಯುವ ಹೊತ್ತಿಗೆ ದಾರವೂ ಕನ್ನಡಿಯೂ ತೀರಿದ್ದವು. ಹಿಂದೆ ಬರಿಯ ಮಖಮಲ್ಲು ಉಳಿಯಿತು. ಹಿಂದೆ ಯಾರು ನೋಡುತ್ತಾರೆ ಎಂದು ಅಪ್ಪನೂ ಅಂದ, ಅವ್ವನೂ ತಲೆಯಾಡಿಸಿದಳು. ನಾಟಕದ ಬಟ್ಟೆ ಹೊಲಿಯುವವರೆಲ್ಲ ಹಾಗೆಯೇ. ಜನ ಕುಳಿತಿರುವುದು ಮುಂದೆ.

ಆ ನಿಲುವಂಗಿಯನ್ನು ಮೊದಲು ಕೇಳಿಕೊಂಡು ಬಂದವರು ದೋಣಿಮಲೈಯ ಗಣಿ ಕ್ವಾರ್ಟರ್ಸಿನ ಹೆಂಗಸರು. ಅಲ್ಲಿಯ ಕ್ಲಬ್ಬಿನಲ್ಲಿ ಅವರು ಒಬ್ಬ ರಾಣಿಯ ಕತೆ ಆಡುವವರಿದ್ದರು. ಅದುವರೆಗೆ ನಮ್ಮ ರಾಣಿಯ ಬಟ್ಟೆ ತೊಟ್ಟವರೆಲ್ಲ ಮೀಸೆ ಬೋಳಿಸಿದ ಗಂಡಸರು. ಈ ಸಲ ರಾಣಿ ನಿಜವಾದ ಹೆಂಗಸು, ಶಾಲೆಯ ಟೀಚರು. ಬೆನ್ನಿನ ಹುಕ್ಕು ಅಪ್ಪ ಹಾಕುವ ಹಾಗಿರಲಿಲ್ಲ. ಅಪ್ಪ ಎರಡು ದಿನ ಯೋಚಿಸಿ, ಅಜ್ಜಿಯ ಕಡೆ ನೋಡದೆ ಹೇಳಿದ.

"ನೀನ ಬರಬೇಕಾಗತೈತಿ."

ಅಜ್ಜಿ ಗೋಡೆಯ ಕಡೆ ತಿರುಗಿ ಮಲಗಿದಳು. ಅವ್ವ ತನ್ನ ಮದುವೆಯ ಸೀರೆ ಉಟ್ಟಳು, ಕಂಪ್ಲಿಯ ಮಗ್ಗದ್ದು. ಆಟ ನೋಡುವ ಹೊತ್ತಿಗೆ ಹಸಿವಾಗಬಾರದು ಎಂದು ಮಂಡಕ್ಕಿ ಒಗ್ಗರಣೆ ಮಾಡಿ ಬುತ್ತಿ ಕಟ್ಟಿದಳು. ಗಣಿ ಕಂಪನಿಯ ಬಸ್ಸಿನಲ್ಲಿ ನಾವು ಮೂವರು, ಕಾಲಡಿಯಲ್ಲಿ ಟ್ರಂಕು. ಬೆಟ್ಟ ಹತ್ತುವಾಗ ಅವ್ವ ಟ್ರಂಕಿನ ಮೇಲೆ ಕೈ ಇಟ್ಟುಕೊಂಡೇ ಇದ್ದಳು, ಮಗುವಿನ ಮೇಲೆ ಇಟ್ಟ ಹಾಗೆ.

ಬಣ್ಣದ ಮನೆಯಲ್ಲಿ ಟೀಚರು ನಿಲುವಂಗಿಯನ್ನು ಬಿಡಿಸಿ ಹಿಡಿದು ಬಹಳ ಹೊತ್ತು ನೋಡಿದರು.

"ಅಮ್ಮ, ಇದು ಬಾಂಬೆಯಿಂದ ತರಿಸಿದ್ದಾ?"

"ಅಲ್ರಿ, ಮಂತ್ರಿ ಅಂಗಿದು."

ಅವರಿಗೆ ಅರ್ಥವಾಗಲಿಲ್ಲ. ಅವ್ವ ಒಂದೊಂದೇ ಹುಕ್ಕು ಹಾಕಿ, ಚೂಪು ತುದಿಗಳನ್ನು ನೆಟ್ಟಗೆ ಮಾಡಿ ಹಿಂದೆ ಸರಿದಳು. ಆಗಲೇ ನಾಟಕ ಕಲಿಸಿದವರು ಬಂದು, ರಾಣಿ ಮೊದಲ ಪ್ರವೇಶ ಮುಗಿಸಿ ಇದೇ ಬದಿಯಿಂದ ಹೊರಗೆ ಬರುತ್ತಾಳೆ, ಒಂದು ಹಾಡು ಮುಗಿಯುವಷ್ಟರಲ್ಲಿ ನಿಲುವಂಗಿ ಕಳಚಿ ನಾರುಮಡಿ ಸೀರೆ ಉಡಿಸಬೇಕು, ನೀವು ಸೀರೆ ಹಿಡಿದು ಇಲ್ಲೇ ನಿಂತಿರಿ ಎಂದರು. ಅವ್ವ ಅಪ್ಪನ ಮುಖ ನೋಡಿದಳು. ಅಪ್ಪ ಏನು ಮಾಡಿಯಾನು? ಆ ಕೆಲಸಕ್ಕೆ ಅಲ್ಲಿ ಇದ್ದ ಹೆಂಗಸು ಆಕೆ ಒಬ್ಬಳೇ, ಉಳಿದವರೆಲ್ಲ ಪಾತ್ರದವರು. ಅವ್ವ ನಾರುಮಡಿಯನ್ನು ತೋಳಿನ ಮೇಲೆ ಹಾಕಿಕೊಂಡು, ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು.

"ನೀನರ ಮುಂದ ಹೋಗಿ ಕುಂದ್ರು. ಚಂದಗ ನೋಡು. ಆಮ್ಯಾಲ ನನಗ ಹೇಳಬೇಕು."

ನಾನು ಹೋಗಿ ಚಾಪೆಯ ಮೇಲೆ ಮುಂದಿನ ಸಾಲಿನಲ್ಲಿ ಕುಳಿತೆ. ನೋಡಿದೆ. ಕಣ್ಣು ಮುಚ್ಚದೆ ನೋಡಿದೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪ ತೂಕಡಿಸುತ್ತಿದ್ದ. ಬುತ್ತಿಯ ಮಂಡಕ್ಕಿ ಹಾಗೇ ಮೆತ್ತಗಾಗಿತ್ತು. ಅವ್ವ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಹೆಂಗ ಕಾಣತಿತ್ತ?"

"ಚಂದ ಇತ್ತವ್ವಾ."

"ಚಂದ ಅಂದ್ರ?"

"ಭಾಳ ಚಂದ ಇತ್ತು."

ಆಕೆ ಇನ್ನೂ ಸ್ವಲ್ಪ ಹೊತ್ತು ಕಾದಳು. ನನ್ನಲ್ಲಿ ಅಷ್ಟೇ ಮಾತಿತ್ತು. ಕಂಡದ್ದು ಕಣ್ಣಿನಲ್ಲಿ ತುಂಬಿಕೊಂಡಿತ್ತು, ಬಾಯಿಗೆ ಇಳಿಯಲಿಲ್ಲ. ಆಮೇಲೆ ಆಕೆ ಕಿಟಕಿಯ ಕಡೆ ತಿರುಗಿ, ಯಾರಿಗೂ ಅಲ್ಲದಂತೆ ಅಂದಳು.

"ನನಗ ಲೈಟಿನಾಗ ಬರೇ ಬೆನ್ನು ಕಾಣಿಸ್ತು. ಅಲ್ಲಿ ನಾ ಏನೂ ಮಾಡಿದ್ದಿಲ್ಲ. ಒಂದು ಕೆಂಪು ಗ್ವಾಡಿ ಎದ್ದು ಹೋದಂಗ ಹೋತು."

ಅದಾದ ಮೇಲೆ ಅವ್ವ ಬೆನ್ನಿನ ಮೇಲೆ ಕೆಲಸ ಮಾಡಲು ಶುರುಮಾಡಿದಳು. ಸೇನಾಪತಿಯ ಬೆನ್ನಿಗೆ ಹಂಪಿಯ ಕಂಬದಲ್ಲಿ ಕಂಡ ಸಿಂಹದಂಥ ಯಾಳಿ, ದೂತನ ಬೆನ್ನಿಗೂ ಒಂದು ಬಳ್ಳಿ. ಆ ರಾಣಿಯ ನಿಲುವಂಗಿಯ ಬೆನ್ನಿಗೆ ಎರಡು ಗಿಳಿ ಬಂದವು, ಒಂದರ ಕೊಕ್ಕು ಇನ್ನೊಂದರ ಕಡೆಗೆ. ಅಪ್ಪ ದಾರ ಸುಮ್ಮನೆ ಹಾಳು ಎಂದು ಗೊಣಗುತ್ತಿದ್ದ.

"ಬೆನ್ನ ಯಾರು ನೋಡತಾರ?"

"ಹಿಂದ ನಿಂತಾರು ನೋಡತಾರ."

ಆದರೆ ಅವ್ವ ಮತ್ತೆ ಹಿಂದೆಯೂ ನಿಲ್ಲಲಿಲ್ಲ, ಮುಂದೆಯೂ ಕೂರಲಿಲ್ಲ. ಅಜ್ಜಿ ಹಾಸಿಗೆ ಹಿಡಿದಳು, ಆಕೆಯನ್ನು ಬಿಟ್ಟು ಅವ್ವ ಎಲ್ಲಿಗೂ ಹೋಗುವಂತಿರಲಿಲ್ಲ. ನಿಲುವಂಗಿ ಮಾತ್ರ ಊರೂರು ಸುತ್ತಿತು, ಯಾರ್‍ಯಾರದೋ ಮೈಮೇಲೆ. ಮನೆಮನೆಗೂ ಟಿ.ವಿ. ಬಂದ ಮೇಲೆ ನಾಟಕದವರು ಬರುವುದು ಕಡಿಮೆಯಾಯಿತು. ನಮ್ಮ ಮನೆಯಲ್ಲಿ ಬಟ್ಟೆಯನ್ನು ಎಸೆಯುವ ಪದ್ಧತಿ ಇರಲಿಲ್ಲ. ನಿಲುವಂಗಿ ಸವೆದಾಗ ತೋಳಿಲ್ಲದ ಅಂಗಿಯಾಗುತ್ತದೆ, ಅಂಗಿ ಸವೆದಾಗ ಟೋಪಿ, ಟೋಪಿ ಸವೆದಾಗ ಇನ್ನೊಂದು ಬಟ್ಟೆಯ ಅಂಚು. ಹಾಗೆ ಅದು ಸ್ವಲ್ಪ ಸ್ವಲ್ಪವೇ ಮುಗಿಯಿತು. ಈಗ ಅದರದ್ದು ಒಂದು ಚೂರೂ ನನ್ನ ಬಳಿ ಇಲ್ಲ. ಒಂದು ವಿಷಯ ಮಾತ್ರ ನನ್ನನ್ನು ಬಿಡುವುದಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸುವ ಹೊತ್ತಿಗೆ ನಾನು ಆ ಟೀಚರಷ್ಟೇ ಎತ್ತರವಾಗಿದ್ದೆ. ನಿಲುವಂಗಿ ಆಗ ಇನ್ನೂ ಇಡಿಯಾಗಿತ್ತು. ಅಜ್ಜಿ ಹೋಗಿಬಿಟ್ಟಿದ್ದಳು. ಒಂದು ಸಂಜೆ ಅದನ್ನು ತೊಟ್ಟು ಮಾಳಿಗೆಯ ಮೇಲೆ ಇಳಿಬಿಸಿಲಿಗೆ ಎದುರಾಗಿ ನಿಂತಿದ್ದರೆ ಸಾಕಿತ್ತು. ಅವ್ವ ಮೆಟ್ಟಿಲ ಬಳಿ ಕುಳಿತು ಅದನ್ನು ಮುಂದಿನಿಂದ ನೋಡಬಹುದಿತ್ತು. ನನಗೂ ಹೊಳೆಯಲಿಲ್ಲ, ಅವ್ವನಿಗೂ ಹೊಳೆಯಲಿಲ್ಲ. ಬಾಡಿಗೆ ಬಟ್ಟೆ ಮನೆಯವರು ತೊಡಬಾರದು ಎಂಬುದು ನಮ್ಮ ಮೈಗೆ ಅಷ್ಟು ಹತ್ತಿಬಿಟ್ಟಿತ್ತು. ಅಜ್ಜಿ ಹೇಳಿದ ಸಂಕಟ ಹೇಗೂ ಬಂದಿತು, ತೊಡದೆಯೂ.

ನಾನು ಈಗ ಅದೇ ಮನೆಯ ಮುಂದಿನ ಕೋಣೆಯಲ್ಲಿ ಗೌನುಗಳನ್ನು ಬಾಡಿಗೆಗೆ ಕೊಡುತ್ತೇನೆ. ಮದುವೆಗೆ ಮುಂಚೆ ಫೋಟೋ ತೆಗೆಸಿಕೊಳ್ಳಲು ಹಂಪಿಗೆ ಬರುವ ಹುಡುಗಿಯರು ನೆಲದ ಮೇಲೆ ಮಾರುದ್ದ ಎಳೆಯುವ ಗೌನು ಕೇಳುತ್ತಾರೆ. ನಾನು ಯಾವ ಶಾಲೆಯಲ್ಲೂ ವಿನ್ಯಾಸ ಕಲಿತವಳಲ್ಲ. ಹೊಸದೊಂದು ಹೊಲಿಯುವ ಮುಂಚೆ ವಿರೂಪಾಕ್ಷನ ಮಂಟಪಕ್ಕೆ ಹೋಗಿ ಮೇಲೆ ನೋಡಿ ಬರುತ್ತೇನೆ. ಕುತ್ತಿಗೆ ನೋಯುತ್ತದೆ, ಅವ್ವನ ಹಾಗೆ ಮಲಗುವ ಧೈರ್ಯ ಬರಲಿಲ್ಲ. ವಿಚಿತ್ರವೆಂದರೆ ಫೋಟೋದವರು ಆ ಹುಡುಗಿಯರನ್ನು ಹೆಚ್ಚಾಗಿ ಹಿಂದಿನಿಂದಲೇ ತೆಗೆಯುತ್ತಾರೆ. ಹೊಳೆಯ ಕಡೆ ಮುಖ ಮಾಡಿ ಬಂಡೆಯ ಮೇಲೆ ನಡೆದುಹೋಗು ಅನ್ನುತ್ತಾರೆ. ಬೆನ್ನಿನ ಕೆಲಸವನ್ನೇ ಎಲ್ಲರೂ ಹೊಗಳುತ್ತಾರೆ. ಕಡೆಯ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯಿಂದ ಅವ್ವನ ಕಣ್ಣು ಮಂಜಾಗಿತ್ತು. ಫೋನಿನಲ್ಲಿ ಫೋಟೋ ತೋರಿಸಿದರೆ ಆಕೆಗೆ ಬೆಳಕು ಮಾತ್ರ ಕಾಣುತ್ತಿತ್ತು. ಮುಗಿದ ಗೌನನ್ನು ತೊಡೆಯ ಮೇಲೆ ಹಾಕಿದರೆ ಮಾತ್ರ ಬೆರಳು ಮೊದಲು ಬೆನ್ನಿಗೇ ಹೋಗುತ್ತಿತ್ತು. ಅಲ್ಲಿ ಏನಾದರೂ ಇದ್ದರೆ ಹೂಂ ಅನ್ನುವಳು, ಇಲ್ಲದಿದ್ದರೆ ಗೌನನ್ನು ಸುಮ್ಮನೆ ನನ್ನ ಕಡೆ ನೂಕುವಳು.

ಅವ್ವ ತೀರಿಕೊಳ್ಳುವ ಕೆಲವು ದಿನ ಮುಂಚೆ ಒಂದು ಮಧ್ಯಾಹ್ನ ನಾನು ಆಕೆಯ ಮಂಚದ ಪಕ್ಕ ಕುಳಿತು ಗೌನೊಂದರ ಅಂಚು ಮಡಿಚಿ ಹೊಲಿಯುತ್ತಿದ್ದೆ. ಸಂಜೆಗೆ ಕೊಡಬೇಕಿತ್ತು. ಆಕೆ ನಿದ್ದೆಯಲ್ಲಿದ್ದಾಳೆ ಅಂದುಕೊಂಡಿದ್ದೆ.

"ರತ್ನಿ, ಅವತ್ತು ದೋಣಿಮಲೈದಾಗ, ಅದು ಮುಂದಿನಿಂದ ಹೆಂಗ ಕಾಣತಿತ್ತ?"

"ಭಾಳ ಚಂದ ಇತ್ತವ್ವಾ."

"ಹೂಂ. ಅದನ್ನ ಅವತ್ತೂ ಹೇಳಿದ್ದಿ."

ನಾನು ಸೂಜಿ ಕೆಳಗಿಡಲಿಲ್ಲ. ನಾಳೆ ಕೂತು ಸಾವಕಾಶ ಹೇಳಿದರಾಯಿತು ಅಂದುಕೊಂಡೆ. ಮರುದಿನ ಆಕೆಗೆ ಜ್ವರ ಏರಿತು, ಆಮೇಲೆ ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಇರಲಿಲ್ಲ. ಈಗ ಮಿಷನ್ನಿನ ಮುಂದೆ ಕುಳಿತಾಗ ಹೇಳಬೇಕಾದದ್ದು ತಾನಾಗಿ ಬಾಯಿಗೆ ಬರುತ್ತದೆ. ಕೋಣೆಯಲ್ಲಿ ಯಾರೂ ಇರುವುದಿಲ್ಲ. ಆದರೂ ಹೇಳುತ್ತೇನೆ.

"ಅವ್ವಾ, ಮೊದಲು ಏನೂ ಕಾಣಲಿಲ್ಲ. ಹಿಂದಿನ ಪರದಿನೂ ಕೆಂಪು, ನಿನ್ನ ಬಟ್ಟಿನೂ ಕೆಂಪು. ಆ ಎರಡು ಚೂಪು ತುದಿ ಅಷ್ಟ ಕಂಡ್ವು, ಗಾಳಿ ಎರಡೂ ಕಡಿಯಿಂದ ಬೀಸಿದಂಗ. ರಾಣಿ ಇನ್ನೂ ಮಾತ ಆಡಿದ್ದಿಲ್ಲ, ಮಂದಿ ಮಾತು ನಿಲ್ಲಿಸಿದ್ರು. ಆಮ್ಯಾಲ ಲೈಟಿನ ಕಡಿ ಹೊಳ್ಳಿದ್ಲು ನೋಡು, ನಿನ್ನ ಕನ್ನಡಿ ಎಲ್ಲಾ ಒಮ್ಮೆಲೆ ಹತ್ಗೊಂಡ್ವು. ಬೆಳಕಿನ ಚುಕ್ಕಿ ನಮ್ಮ ಮಾರಿ ಮ್ಯಾಲ ಬಿದ್ವು, ಗ್ವಾಡಿ ಮ್ಯಾಲ, ಛತ್ತಿನ ಮ್ಯಾಲ. ನನ್ನ ಮಗ್ಗಲಾಗ ಕುಂತಾಕಿ ಕೂಸು ಅದನ್ನ ಹಿಡಿಯಾಕ ಕೈ ಎತ್ತಿತ್ತು. ರಾಣಿ ಉಸಿರು ತಗೊಂಡಂಗೆಲ್ಲ ಇಡೀ ಕ್ಲಬ್ಬು ಅಳ್ಳಾಡತಿತ್ತು. ಬದಿಗೆ ಒಂದು ಪರದಿ ಇತ್ತಲ್ಲ, ಅದರ ಮ್ಯಾಲೂ ಒಂದು ಚುಕ್ಕಿ ಬಿದ್ದು ಅಲ್ಲೇ ನಿಂತಿತ್ತು. ಅದರ ಹಿಂದ ನೀ ಇದ್ದಿ, ನಾರುಮಡಿ ಹಿಡಕೊಂಡು."